ಕುರ್ಚಿಗೆ ಯಾಕ ಕರೆಂಟು?



ಗಣೇಶೋತ್ಸವದ ದಿನ ಸಂಘದ ಸಭಾಗೃಹದಲ್ಲಿ ಊಟದ ಕೊನೆಯ ಪಂಕ್ತಿ ಎದ್ದ ಮೇಲೆ ಒಂದು ಸಣ್ಣ ವಾಗ್ವಾದ ನಡೆಯಿತು. ನಮ್ಮ ಸದಸ್ಯರೊಬ್ಬರ ಮಗ ಈ ವರ್ಷ ಇಲ್ಲೇ ಪುಣೆಯಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮುಗಿಸಿದ್ದಾನೆ. ಬೆಂಗಳೂರಿನಲ್ಲಿ ಕೆಲಸವೂ ಸಿಕ್ಕಿದೆ. ಏನು ಕೆಲಸ ಎಂದು ಯಾರೋ ಕೇಳಿದರು. "ವಿಮಾನದ ಸೀಟುಗಳ ಎಲೆಕ್ಟ್ರಿಕಲ್ ಡಿಸೈನ್" ಎಂದ. ಪಕ್ಕದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅವನ ಅಜ್ಜಿ, ಧಾರವಾಡದವರು, ತಲೆಯೆತ್ತಿ ನೋಡಿದರು.

"ಏನೋ ತಮ್ಮಾ, ನಾಕ್ ವರ್ಷ ಇಂಜಿನೇರಿಂಗ್ ಓದಿ ಕುರ್ಚಿ ಮಾಡಾಕ ಹೊಂಟೀಯೇನು? ನಮ್ಮೂರ ಬಡಿಗ್ಯಾ ಸಾಲಿ ಮೆಟ್ಟಲಾ ಹತ್ತಿಲ್ಲ, ಅವನೂ ಕುರ್ಚಿ ಮಾಡ್ತಾನ."

"ಕುರ್ಚಿ ಅಲ್ಲ ಅಜ್ಜಿ, ಕುರ್ಚಿಗೆ ಕರೆಂಟು..."

"ಕುರ್ಚಿಗೆ ಯಾಕ ಕರೆಂಟು?"

ಎಲ್ಲರೂ ನಕ್ಕರು. ಹುಡುಗನೂ ನಕ್ಕ, ಆದರೆ ಮುಖ ಸ್ವಲ್ಪ ಸಣ್ಣದಾಯಿತು. "ಅಂಕಲ್, ನೀವಾದರೂ ಹೇಳ್ರಿ" ಎಂದು ನನ್ನ ಕಡೆ ತಿರುಗಿದ. ಪಾತ್ರೆ ತೊಳೆಯುವ ಸದ್ದಿನಲ್ಲಿ ಅದನ್ನೆಲ್ಲ ಹೇಳುವುದು ಆಗಲಿಲ್ಲ. ಹಾಗಾಗಿ ಈ ಸಲದ ಅಂಕಣ ಅಜ್ಜಿಯ ಪ್ರಶ್ನೆಗೆ ಉತ್ತರ. ಮೊಮ್ಮಗನೇ ಅವರಿಗೆ ಓದಿ ಹೇಳಲಿ. ಮನೆಯಲ್ಲಿ ಕನ್ನಡ ಮಾತಾಡಿ, ಪತ್ರಿಕೆ ಕೈಗೆ ಬಂದಾಗ "ಅಕ್ಷರ ನಿಧಾನ" ಎನ್ನುವವರಿಗೆ ಅಷ್ಟು ಅಭ್ಯಾಸವೂ ಆದೀತು.

ಅಜ್ಜಿಯ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ವಿಮಾನದ ಕುರ್ಚಿಗೆ ಬಹಳ ಕಾಲ ಕರೆಂಟು ಇರಲೇ ಇಲ್ಲ. ಓದುವ ದೀಪ ತಲೆಯ ಮೇಲಿನ ಪಟ್ಟಿಯಲ್ಲಿತ್ತು. ಸಿನಿಮಾ ತೋರಿಸಿದರೆ ಮುಂದಿನ ಗೋಡೆಯ ಪರದೆಯ ಮೇಲೆ, ಎಲ್ಲರಿಗೂ ಒಂದೇ ಸಿನಿಮಾ. ಅದರ ಧ್ವನಿ ಕೂಡ ಕಿವಿಗೆ ವೈರಿನಲ್ಲಿ ಬರುತ್ತಿರಲಿಲ್ಲ. ಡಾಕ್ಟರರ ಸ್ಟೆಥಾಸ್ಕೋಪಿನಂತಹ ಟೊಳ್ಳು ಪ್ಲಾಸ್ಟಿಕ್ ಕೊಳವೆಯನ್ನು ಕುರ್ಚಿಯ ತೋಳಿಗೆ ಸಿಕ್ಕಿಸಿದರೆ ಗಾಳಿಯ ಮೂಲಕವೇ ಧ್ವನಿ ಕಿವಿಗೆ ಮುಟ್ಟುತ್ತಿತ್ತು. ಕುರ್ಚಿಯ ಬೆನ್ನಿಗೆ ಪುಟ್ಟ ಟಿ.ವಿ. ಕೂರಿಸುವ ಪ್ರಯೋಗ ನಡೆದದ್ದು 1988ರಲ್ಲಿ, ಅಮೆರಿಕದ ನಾರ್ತ್‌ವೆಸ್ಟ್ ಕಂಪನಿಯ ಬೋಯಿಂಗ್ 747ರಲ್ಲಿ. ಪರದೆಯ ಅಳತೆ 2.7 ಅಂಗುಲ. ಇವತ್ತಿನ ಮೊಬೈಲಿನ ಅರ್ಧವೂ ಇಲ್ಲ.

ಅಲ್ಲಿಂದ ಕುರ್ಚಿಯ ಆಸೆ ಬೆಳೆಯುತ್ತ ಹೋಯಿತು. ದೂರದ ಪ್ರಯಾಣದ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯ ಕುರ್ಚಿಗೂ ಈಗ ಪರದೆ, ಯು.ಎಸ್.ಬಿ. ಕಿಂಡಿ, ಲ್ಯಾಪ್‌ಟಾಪಿಗೆ ಪ್ಲಗ್ಗು. ಬಿಸಿನೆಸ್ ದರ್ಜೆಯ ಕುರ್ಚಿಯಂತೂ ಕುರ್ಚಿಯೇ ಅಲ್ಲ, ಹಾಸಿಗೆಯಾಗುವ ಯಂತ್ರ. ಬೆನ್ನಿಗೊಂದು ಮೋಟಾರು, ಕಾಲಿಗೊಂದು ಮೋಟಾರು, ಅವೆರಡೂ ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಲು ಒಂದು ಪುಟ್ಟ ಕಂಪ್ಯೂಟರು.

ಇದಕ್ಕೆಲ್ಲ ಕರೆಂಟು ಎಲ್ಲಿಂದ ಬರಬೇಕು? ಎಂಜಿನಿಗೆ ಕಟ್ಟಿದ ಜನರೇಟರಿನಿಂದ. ನಮ್ಮ ಮನೆಗೆ ಬರುವುದು 230 ವೋಲ್ಟು, ಸೆಕೆಂಡಿಗೆ 50 ಆವರ್ತ. ವಿಮಾನದಲ್ಲಿ ಬಹುಕಾಲದಿಂದ ನಡೆದು ಬಂದದ್ದು 115 ವೋಲ್ಟು, 400 ಆವರ್ತ. ಈ ನಾನೂರು ಯಾಕೆ? ಆವರ್ತ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರಿನೊಳಗಿನ ಕಬ್ಬಿಣ ಕಡಿಮೆ ಸಾಕು, ಮೋಟಾರೂ ಚಿಕ್ಕದಾಗುತ್ತದೆ. ನೆಲದ ಮೇಲೆ ಆ ಕಬ್ಬಿಣದ ಭಾರ ನಮಗೆ ಲೆಕ್ಕಕ್ಕಿಲ್ಲ. ಆಕಾಶಕ್ಕೆ ಹೊತ್ತೊಯ್ಯುವವನಿಗೆ ಒಂದೊಂದು ಕಿಲೋಗೂ ಇಂಧನ ಸುಡಬೇಕು. ಬೋಯಿಂಗ್ 787ರಂತಹ ಹೊಸ ವಿಮಾನಗಳಲ್ಲಿ ಆವರ್ತವನ್ನು ಒಂದೇ ಕಡೆ ಹಿಡಿದು ನಿಲ್ಲಿಸುವ ಯಂತ್ರವನ್ನೂ ತೆಗೆದುಹಾಕಿದ್ದಾರೆ. ಎಂಜಿನಿನ ವೇಗಕ್ಕೆ ತಕ್ಕಂತೆ ಅದು 360ರಿಂದ 800ರವರೆಗೆ ಏರಿಳಿಯುತ್ತದೆ.

ಈ ಕರೆಂಟನ್ನು ನಿಮ್ಮ ಲ್ಯಾಪ್‌ಟಾಪಿಗೆ ನೇರವಾಗಿ ಕೊಡುವಂತಿಲ್ಲ. ಕುರ್ಚಿಯ ಕೆಳಗೆ, ನೀವು ಚೀಲ ತುರುಕಿ ಕಾಲು ಚಾಚಲು ಒದ್ದಾಡುವ ಜಾಗದಲ್ಲಿ, ಒಂದು ಲೋಹದ ಪೆಟ್ಟಿಗೆ ಇರುತ್ತದೆ. "ಇದ್ಯಾಕೆ ನನ್ನ ಕಾಲಿಗೇ ಅಡ್ಡ" ಎಂದು ನೀವು ಬೈದುಕೊಂಡಿರಬಹುದು. ಅದೇ 400 ಆವರ್ತವನ್ನು 60ಕ್ಕೆ ಇಳಿಸಿ, 110 ವೋಲ್ಟು ಮಾಡಿ, ಆ ಸಾಲಿನ ಎರಡು ಮೂರು ಜನರಿಗೆ ಹಂಚುವ ಪೆಟ್ಟಿಗೆ.

ಪ್ಲಗ್ಗಿನ ಕಿಂಡಿಯನ್ನೇ ನೋಡಿ. ಮೂರು ವರ್ಷದ ಮಗು ಅಲ್ಲಿ ಕೂತಿದೆ, ಅಮ್ಮನ ತಲೆಪಿನ್ನು ಅದರ ಕೈಯಲ್ಲಿದೆ. ಮನೆಯಲ್ಲಾದರೆ ಎದೆ ಧಸಕ್ಕೆನ್ನಬೇಕು. ಇಲ್ಲಿ ಕಿಂಡಿಯಲ್ಲಿ ಸುಮ್ಮನೆ ಕರೆಂಟು ಇರುವುದಿಲ್ಲ. ಪ್ಲಗ್ಗಿನ ಎರಡೂ ಕಡ್ಡಿಗಳು ಒಟ್ಟಿಗೇ ಒಳಗೆ ಬಂದವೇ ಎಂದು ಅದು ಮೊದಲು ನೋಡುತ್ತದೆ. ಒಂದೇ ಬಂದರೆ ಬಾಗಿಲು ತೆಗೆಯುವುದಿಲ್ಲ. ಇನ್ನು ಚಹಾ, ಕಾಫಿ, ಕಿತ್ತಳೆ ರಸ. ಕುರ್ಚಿಯ ಮೇಲೆ ಇವು ಚೆಲ್ಲಿಯೇ ಚೆಲ್ಲುತ್ತವೆ ಎಂದುಕೊಂಡೇ ವಿನ್ಯಾಸ ಶುರುವಾಗಬೇಕು.

ಎಲ್ಲರೂ ಒಮ್ಮೆಲೇ ಲ್ಯಾಪ್‌ಟಾಪ್ ಹಚ್ಚಿದರೆ? ಮುನ್ನೂರು ಜನ, ತಲೆಗೆ ನೂರು ವ್ಯಾಟ್ ಅಂದರೂ 30 ಕಿಲೋವ್ಯಾಟ್ ಆಯಿತು. ಬೋಯಿಂಗ್ 777ರ ಎರಡು ಮುಖ್ಯ ಜನರೇಟರುಗಳು ತಲಾ 120 ಕೆ.ವಿ.ಎ. ಅದರಲ್ಲೇ ವಿಮಾನ ಹಾರಬೇಕು, ಅಡಿಗೆ ಬಿಸಿಯಾಗಬೇಕು, ಪಂಪು ತಿರುಗಬೇಕು. ನಮ್ಮ ಹಳೆಯ ವಾಡೆಗಳಲ್ಲಿ ಒಬ್ಬರು ಗೀಜರ್ ಹಾಕಿದ ಹೊತ್ತಿಗೆ ಇನ್ನೊಬ್ಬರು ಇಸ್ತ್ರಿ ಹಚ್ಚಿದರೆ ಫ್ಯೂಸು ಹೋಗಿ ಜಿನೆಯ ಮೇಲೆ ಜಗಳವಾಗುತ್ತಿತ್ತಲ್ಲ, ಅಂಥದಕ್ಕೆ ಇಲ್ಲಿ ಎಡೆಯಿಲ್ಲ. ಕುರ್ಚಿಗಳ ಒಟ್ಟು ಬಳಕೆ ಮಿತಿ ಮುಟ್ಟಿದರೆ ಹೊಸದಾಗಿ ಪ್ಲಗ್ಗು ಹಾಕಿದವನಿಗೆ ಕರೆಂಟು ಸಿಗುವುದಿಲ್ಲ. ಆ ಕುರ್ಚಿಯ ಹಸಿರು ದೀಪ ಯಾಕೆ ಹೊತ್ತಲಿಲ್ಲ ಎಂದು ಗಗನಸಖಿಯ ಮೇಲೆ ರೇಗುವವರು ಇದನ್ನು ನೆನಪಿಡಬೇಕು. ಒಂದು ಜನರೇಟರು ಕೆಟ್ಟರೆ ಎಲ್ಲಕ್ಕಿಂತ ಮೊದಲು ಕರೆಂಟು ಕಳೆದುಕೊಳ್ಳುವವರು ಅಡಿಗೆಮನೆ ಮತ್ತು ಸಿನಿಮಾ ನೋಡುತ್ತಿರುವ ನಾವು.

ವೈರಿನ ಉದ್ದದ ಮಾತು ಇನ್ನೊಂದು ತಲೆನೋವು. ವಿಮಾನದ ನೆಲದಲ್ಲಿ ಉದ್ದಕ್ಕೆ ಹಳಿಗಳಿವೆ, ಕುರ್ಚಿಗಳು ಅವುಗಳ ಮೇಲೆ ಕಚ್ಚಿಕೊಂಡಿರುತ್ತವೆ. ಕಂಪನಿಗೆ ಇನ್ನೊಂದು ಸಾಲು ಹೆಚ್ಚು ಬೇಕೆನಿಸಿದರೆ ಎಲ್ಲ ಕುರ್ಚಿಗಳನ್ನೂ ಒಂದೊಂದೇ ಅಂಗುಲ ಸರಿಸುತ್ತಾರೆ. ಸರಿದಷ್ಟಕ್ಕೂ ವೈರು ಸಾಲಬೇಕು. ಸಡಿಲ ಹೆಚ್ಚಾದರೆ ಯಾರದೋ ಕಾಲಿಗೆ ಸಿಕ್ಕುತ್ತದೆ, ಕಡಿಮೆಯಾದರೆ ಬಿಗಿದು ಲೋಹದ ಅಂಚಿಗೆ ತಿಕ್ಕುತ್ತದೆ. ಇದರ ಮೇಲೆ ಅಪಘಾತದ ಪರೀಕ್ಷೆ ಬೇರೆ. ಅಮೆರಿಕದಲ್ಲಿ 1988ರಲ್ಲಿ ಬಂದ ನಿಯಮದ ಪ್ರಕಾರ ಹೊಸ ವಿಮಾನದ ಕುರ್ಚಿಯನ್ನು ಗೊಂಬೆ ಮನುಷ್ಯನ ಸಮೇತ ತನ್ನ ತೂಕದ 16 ಪಟ್ಟು ಬಲ ಬೀಳುವಂತೆ ಜಾರುಬಂಡಿಯ ಮೇಲೆ ಒಮ್ಮೆಲೇ ನಿಲ್ಲಿಸಿ ನೋಡುತ್ತಾರೆ. ಅದಕ್ಕೂ ಮುಂಚೆ ನೆಲದ ಹಳಿಗಳನ್ನು ಬೇಕೆಂದೇ ತಿರುಚಿರುತ್ತಾರೆ. ನಿಜವಾದ ಅಪಘಾತದಲ್ಲಿ ನೆಲ ನೆಟ್ಟಗೆ ಇರುವುದಿಲ್ಲವಲ್ಲ. ಕರೆಂಟಿನ ಪೆಟ್ಟಿಗೆ ಕಿತ್ತು ಹಾರಿ ಯಾರ ತಲೆಗೂ ಬಡಿಯಬಾರದು. ಇಂಥದನ್ನು ಕೂರಿಸುವವನು ಬಡಿಗನ ವಿದ್ಯೆಯನ್ನೂ ಸ್ವಲ್ಪ ಕಲಿತಿರಬೇಕು. ಅಜ್ಜಿ ಹೇಳಿದ್ದು ಅಷ್ಟರ ಮಟ್ಟಿಗೆ ಸರಿಯೇ!

ವೈರಿನ ಉದ್ದ ತಪ್ಪಿದರೆ ಏನಾದೀತು ಎಂಬುದಕ್ಕೆ ಏರ್‌ಬಸ್‌ನವರು ದೊಡ್ಡ ಬೆಲೆ ಕೊಟ್ಟಿದ್ದಾರೆ. ಎರಡಂತಸ್ತಿನ ಎ-380 ವಿಮಾನದಲ್ಲಿ ಸುಮಾರು 500 ಕಿಲೋಮೀಟರ್ ವೈರು. ಜರ್ಮನಿಯ ಹ್ಯಾಂಬರ್ಗಿನವರು ವಿನ್ಯಾಸದ ಸಾಫ್ಟ್‌ವೇರಿನ ಹಳೆಯ ಆವೃತ್ತಿಯಲ್ಲಿ ಕೆಲಸ ಮಾಡಿದರು, ಫ್ರಾನ್ಸಿನ ತುಲೂಸ್‌ನವರು ಹೊಸತರಲ್ಲಿ. ಹ್ಯಾಂಬರ್ಗಿನಿಂದ ಬಂದ ವೈರಿನ ಕಟ್ಟುಗಳು ತುಲೂಸ್‌ನಲ್ಲಿ ಸರಿಯಾಗಿ ಕೂರಲಿಲ್ಲ. 2006ರಲ್ಲಿ ತಡದ ಮೇಲೆ ತಡ ಘೋಷಿಸಿ, ಮೊದಲ ವಿಮಾನ ಸಿಂಗಪುರದವರ ಕೈ ಸೇರುವಾಗ 2007ರ ಅಕ್ಟೋಬರ್ ಆಗಿತ್ತು. ಆದರೆ ಅಲ್ಲಿ ಹೋದದ್ದು ಹಣ ಮತ್ತು ಮರ್ಯಾದೆ.

ಇನ್ನೊಂದು ಕಡೆ ಹೋದದ್ದು 229 ಜೀವ. ಕುರ್ಚಿಯ ಕರೆಂಟಿನ ಕೆಲಸಕ್ಕೆ ಸೇರುವ ಯಾರೂ ಈ ಕಥೆ ತಿಳಿಯದೆ ಸೇರಬಾರದು ಎಂದು ನನ್ನ ಅಭಿಪ್ರಾಯ.

1998ರ ಸೆಪ್ಟೆಂಬರ್ 2ರ ರಾತ್ರಿ ಸ್ವಿಸ್‌ಏರ್ ಕಂಪನಿಯ 111ನೆಯ ಸಂಖ್ಯೆಯ ವಿಮಾನ ನ್ಯೂಯಾರ್ಕಿನಿಂದ ಜಿನೀವಾಕ್ಕೆ ಹೊರಟಿತು. ಎಂ.ಡಿ.-11 ಜಾತಿಯ ಮೂರು ಎಂಜಿನ್ನಿನ ವಿಮಾನ. ಒಳಗೆ 215 ಪ್ರಯಾಣಿಕರು, 14 ಸಿಬ್ಬಂದಿ. ಈ ವಿಮಾನದ ಮೊದಲ ದರ್ಜೆ ಮತ್ತು ಬಿಸಿನೆಸ್ ದರ್ಜೆಯ ಕುರ್ಚಿಗಳಿಗೆ ಆ ಕಾಲಕ್ಕೆ ಅಪರೂಪವಾದ ಸೌಲಭ್ಯ ಹಾಕಿಸಿದ್ದರು: ತಮಗೆ ಬೇಕಾದ ಸಿನಿಮಾ, ಆಟ, ಎಲ್ಲವನ್ನೂ ಕುರ್ಚಿಯಲ್ಲೇ ಆರಿಸಿಕೊಳ್ಳುವ ಮನರಂಜನೆಯ ಜಾಲ. ಇದು ವಿಮಾನ ತಯಾರಾದ ಮೇಲೆ ಹೊರಗಿನವರು ಬಂದು ಜೋಡಿಸಿದ್ದು.

ಹೊರಟು 53 ನಿಮಿಷಕ್ಕೆ ಪೈಲಟರಿಗೆ ಏನೋ ವಾಸನೆ ಬಂತು. ಕಾಕ್‌ಪಿಟ್ಟಿನ ಹಿಂದೆ, ಮೇಲ್ಛಾವಣಿಯ ಒಳಗೆ ಬೆಂಕಿ ಹತ್ತಿತ್ತು. ಹತ್ತಿರದ ಹ್ಯಾಲಿಫ್ಯಾಕ್ಸ್ ಕಡೆ ತಿರುಗಿಸಿದರು. ಹೊಗೆಯ ಮೂಲ ಗೊತ್ತಿಲ್ಲದಿದ್ದಾಗ ಏನೇನು ಮಾಡಬೇಕೆಂದು ಬರೆದ ಪಟ್ಟಿ ಅವರ ಮುಂದಿತ್ತು. ಅದರ ಮೊದಲ ಕೆಲಸ "ಕ್ಯಾಬಿನ್ ಬಸ್" ಎಂಬ ಸ್ವಿಚ್ಚನ್ನು ಆರಿಸುವುದು. ಬಸ್ ಎಂದರೆ ಸ್ವಾರ್‌ಗೇಟಿನ ಬಸ್ಸಲ್ಲ. ವಿದ್ಯುತ್ತಿನವರ ಭಾಷೆಯಲ್ಲಿ ಅದು ಹಲವು ವೈರುಗಳು ಕವಲೊಡೆಯುವ ದಪ್ಪ ತಾಮ್ರದ ಪಟ್ಟಿ. ನಿಮ್ಮ ಮನೆಯ ಮೇನ್ ಬೋರ್ಡಿನಲ್ಲಿ ಅಡಿಗೆಮನೆಗೊಂದು, ಹಾಲಿಗೊಂದು ಸ್ವಿಚ್ಚಿರುವಂತೆ, ಪ್ರಯಾಣಿಕರ ಕೋಣೆಯ ದೀಪ ಮತ್ತಿತರ ಸೌಕರ್ಯಗಳ ಕರೆಂಟನ್ನು ಒಂದೇ ಏಟಿಗೆ ಆರಿಸಲು ವಿಮಾನದ ತಯಾರಕರು ಇದನ್ನು ಇಟ್ಟಿದ್ದರು.

ಪೈಲಟರು ಆ ಸ್ವಿಚ್ಚನ್ನು ಆರಿಸಿದರು. ಮನರಂಜನೆಯ ಜಾಲ ಆರಲಿಲ್ಲ.

ಯಾಕೆಂದರೆ ಅದನ್ನು ಬೇರೊಂದು ಬಸ್ಸಿಗೆ ಜೋಡಿಸಿದ್ದರು. ಮೊದಲ ಯೋಜನೆಯಲ್ಲಿ ವಿಮಾನದ ಎಲ್ಲ ದರ್ಜೆಯ ಕುರ್ಚಿಗಳಿಗೂ ಪರದೆ ಹಾಕುವುದಿತ್ತು, ಅಷ್ಟು ಹೊರೆಯನ್ನು ಕ್ಯಾಬಿನ್ ಬಸ್ ಹೊರಲಾರದು. ಅದಕ್ಕಾಗಿ ವಿಮಾನದ ಮುಖ್ಯ ಬಸ್ಸುಗಳಲ್ಲೊಂದರಿಂದ ಎಳೆದರು. ಆಮೇಲೆ ಯೋಜನೆ ಮುಂದಿನ ಎರಡು ದರ್ಜೆಗಳಿಗೆ ಕುಗ್ಗಿತು, ಜೋಡಣೆ ಮಾತ್ರ ಹಾಗೇ ಉಳಿಯಿತು. ಕಾಗದಪತ್ರಗಳಿಗೆ ಮಂಜೂರಾತಿಯೂ ಸಿಕ್ಕಿತ್ತು. ಪೈಲಟ್ "ಕ್ಯಾಬಿನ್" ಎಂದು ಬರೆದ ಸ್ವಿಚ್ಚನ್ನು ಆರಿಸಿದರೆ ಈ ಕುರ್ಚಿಗಳೂ ಆರುತ್ತವೆಯೇ ಎಂಬ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಗದೆಯೇ ವಿಮಾನ ಹಾರುತ್ತಿತ್ತು. ಕೆನಡಾದ ಸಾರಿಗೆ ಸುರಕ್ಷತಾ ಮಂಡಲಿ ಮುಂದೆ ತನ್ನ ವರದಿಯಲ್ಲಿ ಈ ಹೊಂದಾಣಿಕೆಯ ಕೊರತೆಯನ್ನು ಎತ್ತಿ ತೋರಿಸಿತು.

ವಾಸನೆ ಬಂದ ಸುಮಾರು 21 ನಿಮಿಷಕ್ಕೆ ವಿಮಾನ ನೋವಾಸ್ಕೋಶಿಯಾದ ಕರಾವಳಿಯ ಹತ್ತಿರ ಅಟ್ಲಾಂಟಿಕ್ ಸಮುದ್ರಕ್ಕೆ ಬಿತ್ತು. ಯಾರೂ ಉಳಿಯಲಿಲ್ಲ.

ತನಿಖೆ ನಾಲ್ಕು ವರ್ಷಕ್ಕೂ ಮೀರಿ ನಡೆಯಿತು. ಸಮುದ್ರದ ತಳದಿಂದ ವಿಮಾನದ ತೂಕದ ಸುಮಾರು 98 ಪ್ರತಿಶತ ಭಾಗವನ್ನು ಚೂರು ಚೂರಾಗಿ ಮೇಲೆತ್ತಿದರು. ಮುಂಭಾಗವನ್ನು ಒಂದು ಚೌಕಟ್ಟಿನ ಮೇಲೆ ಮತ್ತೆ ಜೋಡಿಸಿದರು. ವೈರಿನ ತುಂಡುಗಳನ್ನು ಒಂದೊಂದಾಗಿ ನೋಡಿದರು. ಕಿಡಿ ಹಾರಿದ ಕಡೆ ತಾಮ್ರ ಕರಗಿ ಮಣಿಯಂತೆ ಗಟ್ಟಿಯಾಗಿರುತ್ತದೆ, ಅದನ್ನು ಹುಡುಕುವುದು ಕೆಲಸ. ಬೆಂಕಿ ಹುಟ್ಟಿದ ಜಾಗದ ಹತ್ತಿರ ಅಂಥ ಮಣಿಯೊಂದು ಸಿಕ್ಕಿತು, ಮನರಂಜನೆಯ ಜಾಲಕ್ಕೆ ಕರೆಂಟು ಒಯ್ಯುವ ವೈರಿನ ಮೇಲೆ.

2003ರ ಮಾರ್ಚಿಯ ವರದಿ ಇಲ್ಲಿ ತುಂಬ ಎಚ್ಚರದಿಂದ ಮಾತಾಡುತ್ತದೆ, ಆ ಎಚ್ಚರ ನನಗೆ ಬಹಳ ಹಿಡಿಸಿತು. ವೈರಿನಿಂದ ಹಾರಿದ ಕಿಡಿಯೇ ಬೆಂಕಿಗೆ ಮೂಲವಾಗಿರುವ ಸಂಭವ ಹೆಚ್ಚು. ಆ ಮಣಿ ಇದ್ದ ವೈರು ಅದರಲ್ಲಿ ಸೇರಿತ್ತು. ಆದರೆ ಅದೊಂದೇ ವೈರು ಕಾರಣ ಎಂದು ಮಂಡಲಿ ಹೇಳಲಿಲ್ಲ, ಜೊತೆಗೆ ಬೇರೊಂದು ವೈರೂ ಇದ್ದಿರಬಹುದು. ಇನ್ನು ಬೆಂಕಿ ಹಬ್ಬಿಸಿದ್ದು ಮೇಲ್ಛಾವಣಿಯೊಳಗಿನ ಹೊದಿಕೆ. ಶಾಖ ಮತ್ತು ಸದ್ದು ತಡೆಯಲು ಹಾಕುವ ಹಾಸಿನ ಹೊರಗಿನ ಹೊಳೆಯುವ ಪ್ಲಾಸ್ಟಿಕ್ ಪದರ ಆಗಿನ ಪರೀಕ್ಷೆಯಲ್ಲಿ ಪಾಸಾಗಿತ್ತು, ನಿಜವಾದ ಕಿಡಿಗೆ ಹೊತ್ತಿಕೊಂಡಿತು. ಸ್ವಿಚ್ಚು ಜಾಲವನ್ನು ಆರಿಸಿದ್ದರೆ ವಿಮಾನ ಉಳಿಯುತ್ತಿತ್ತು ಎಂದೂ ಹೇಳುವಂತಿಲ್ಲ. ಆ ಹೊತ್ತಿಗೆ ಬೆಂಕಿಗೆ ಕರೆಂಟಿನ ಹಂಗಿರಲಿಲ್ಲ. ಮೊದಲ ಕ್ಷಣದಲ್ಲೇ ನೇರವಾಗಿ ಇಳಿಯಲು ಹೊರಟಿದ್ದರೂ ಸುರಕ್ಷಿತವಾಗಿ ಮುಟ್ಟುವಷ್ಟು ಸಮಯವಿರಲಿಲ್ಲ ಎಂದೇ ಮಂಡಲಿಯ ಲೆಕ್ಕ.

ಫ್ಯೂಸು ಯಾಕೆ ಹೋಗಲಿಲ್ಲ ಎಂದು ನಿಮ್ಮಲ್ಲಿ ಕೆಲವರಾದರೂ ಕೇಳಬೇಕು. ಸರ್ಕಿಟ್ ಬ್ರೇಕರು ನೋಡುವುದು ಕರೆಂಟು ಎಷ್ಟು ಹೊತ್ತು, ಎಷ್ಟು ಹೆಚ್ಚು ಹರಿಯಿತು ಎಂಬುದನ್ನು. ಹೊದಿಕೆ ತಿಕ್ಕಿ ಹೋದ ವೈರಿನಲ್ಲಿ ಕಿಡಿ ಬಿಟ್ಟು ಬಿಟ್ಟು ಹಾರುತ್ತದೆ. ಸರಾಸರಿ ನೋಡಿದರೆ ಹೊರೆ ಹೆಚ್ಚಿದಂತೆಯೇ ಕಾಣದು. ಬ್ರೇಕರು ತಣ್ಣಗೆ ಕೂತಿರುತ್ತದೆ, ಕಿಡಿ ಮಾತ್ರ ಸಾವಿರಾರು ಡಿಗ್ರಿ ಬಿಸಿ. ನಿಮ್ಮ ಮನೆಯಲ್ಲಿ ಸಡಿಲಾದ ಪ್ಲಗ್ಗು ಚಟಚಟ ಎನ್ನುತ್ತ ಕರಕಲಾದರೂ ಎಂ.ಸಿ.ಬಿ. ಬೀಳುವುದಿಲ್ಲವಲ್ಲ, ಹಾಗೆ. ಆ ಪ್ಲಗ್ಗನ್ನು ಈ ವಾರವೇ ಬದಲಿಸಿ ಎಂಬುದು ಬೇರೆ ಮಾತು.

ಅಪಘಾತವಾದ ಕೆಲವೇ ವಾರಗಳಲ್ಲಿ ಕಂಪನಿ ಉಳಿದ ವಿಮಾನಗಳಲ್ಲಿ ಆ ಜಾಲವನ್ನು ಕಡಿದುಹಾಕಿತು. 1999ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಎಂ.ಡಿ.-11ರಲ್ಲಿ ಅದನ್ನು ಬಳಸಕೂಡದೆಂದು ಆಜ್ಞೆ ಮಾಡಿತು. ಹೊದಿಕೆಗಳಿಗೆ ಹೆಚ್ಚು ಕಠಿಣವಾದ ಪರೀಕ್ಷೆ ಬಂತು. 2007ರಲ್ಲಿ ವೈರಿಂಗಿಗೇ ನಿಯಮಾವಳಿಯಲ್ಲಿ ಪ್ರತ್ಯೇಕ ಅಧ್ಯಾಯ ಬಂತು. ವೈರು ಅಂದರೆ ಎರಡು ಪೆಟ್ಟಿಗೆಗಳ ನಡುವಿನ ದಾರ ಎಂದು ತಿಳಿದ ಕಾಲ ಮುಗಿಯಿತು. ಈಗ ಕ್ಲಿಪ್ಪು, ಕನೆಕ್ಟರು, ಬೇರೆ ವೈರಿನಿಂದ ಇಡಬೇಕಾದ ದೂರ, ಎಲ್ಲವೂ ಒಂದು ಯಂತ್ರದ ಭಾಗಗಳಂತೆ ಲೆಕ್ಕಕ್ಕೆ ಬರುತ್ತವೆ. ಪ್ರಯಾಣಿಕರ ಮನರಂಜನೆಯ ಕರೆಂಟನ್ನು ಸಿಬ್ಬಂದಿ ಸುಲಭವಾಗಿ ಆರಿಸುವಂತಿರಬೇಕು, ಅದಕ್ಕಾಗಿ ಬ್ರೇಕರು ಹುಡುಕಿ ಕೀಳುವ ಪಾಡು ಇರಬಾರದು ಎಂದೂ ಆಯಿತು.

ಬೆಂಗಳೂರು, ಹೈದರಾಬಾದುಗಳ ಕಚೇರಿಗಳಲ್ಲಿ ನಮ್ಮ ಹುಡುಗ ಹುಡುಗಿಯರು ಇಂದು ಮಾಡುತ್ತಿರುವ ಕೆಲಸ ಇದೇ. ಹೊರಗಿನಿಂದ ನೋಡಿದರೆ ಬೇಸರದ ಕೆಲಸ. ದಿನವಿಡೀ ಕಂಪ್ಯೂಟರಿನ ಮೇಲೆ ಒಂದು ವೈರನ್ನು ಕುರ್ಚಿಯ ಕಾಲಿನ ಸುತ್ತ ಒಯ್ಯುವುದು, ಎಲ್ಲೆಲ್ಲಿ ಕ್ಲಿಪ್ಪು ಎಂದು ಗುರುತಿಸುವುದು, ಅಂಚು ಚೂಪಾಗಿದೆಯೇ ನೋಡುವುದು, ಹೊರೆಯ ಪಟ್ಟಿ ತುಂಬುವುದು. ಜಗತ್ತಿನ ಯಾವ ಪ್ರಯಾಣಿಕನೂ ಬಗ್ಗಿ ನೋಡಿ ಭೇಷ್ ಎನ್ನುವುದಿಲ್ಲ.

ಈ ಬರಹದ ಕರಡನ್ನು ಹುಡುಗನಿಗೆ ಕಳಿಸಿದ್ದೆ. ಅವನು ಕೆಲಸಕ್ಕೆ ಸೇರಿ ಈಗ ಮೂರು ವಾರ. ರವಿವಾರ ಬೆಂಗಳೂರಿನಿಂದ ಫೋನಿನಲ್ಲಿ ಅಜ್ಜಿಗೆ ಪೂರ್ತಿ ಓದಿ ಹೇಳಿದನಂತೆ. "ಆವರ್ತ" ಎಂಬಲ್ಲಿ ತಡವರಿಸಿದನಂತೆ, ಅಜ್ಜಿ ತಿದ್ದಿದರಂತೆ. ಸಮುದ್ರಕ್ಕೆ ಬಿದ್ದ ಕಡೆ ಬಂದಾಗ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಕೇಳಿದರಂತೆ:

"ಮತ್ತ ಈಗ ಆ ಸ್ವಿಚ್ಚು ಯಾರ ಕೈಯಾಗ ಐತಿ?"

ಅದಕ್ಕೆ ಉತ್ತರ ನನ್ನ ಕರಡಿನಲ್ಲಿರಲಿಲ್ಲ, ಹುಡುಗನೇ ಹೇಳಿದ. ನಮ್ಮ ದೇಶದೊಳಗೂ ಓಡಾಡುವ ಬೋಯಿಂಗ್ 737 ವಿಮಾನದ ಹೊಸ ತಲೆಮಾರುಗಳಲ್ಲಿ ಪೈಲಟರ ತಲೆಯ ಮೇಲಿನ ಫಲಕದಲ್ಲಿ, ಕರೆಂಟಿನ ಸ್ವಿಚ್ಚುಗಳ ಸಾಲಿನಲ್ಲಿ, ಎರಡು ಅಕ್ಕಪಕ್ಕ ಇವೆ. ಒಂದು ಅಡಿಗೆಮನೆ ಮುಂತಾದ ಕ್ಯಾಬಿನ್ ಸೌಕರ್ಯಗಳಿಗೆ. ಇನ್ನೊಂದರ ಮೇಲೆ "ಐ.ಎಫ್.ಇ./ಪ್ಯಾಸ್ ಸೀಟ್" ಎಂದು ಬರೆದಿದೆ. ಅಂದರೆ ಮನರಂಜನೆ ಮತ್ತು ಪ್ರಯಾಣಿಕರ ಕುರ್ಚಿ. ಕೈಯೆತ್ತಿದರೆ ಸಿಗುತ್ತದೆ.

ದೀಪಾವಳಿ ಮುಗಿದ ಮೇಲೆ ಅಜ್ಜಿ ಮೊಮ್ಮಗನ ಹೊಸ ಮನೆ ನೋಡಲು ಬೆಂಗಳೂರಿಗೆ ಹೋಗುವವರಿದ್ದಾರೆ. ಈವರೆಗೆ ರೈಲೇ ಆಗಬೇಕೆಂಬ ಹಟವಿತ್ತು. ಈಗ ವಿಮಾನಕ್ಕೆ ಒಪ್ಪಿದ್ದಾರೆ, ಕಿಟಕಿಯ ಸೀಟು ಬೇಕಂತೆ. ಕೂತ ಮೇಲೆ ಬಗ್ಗಿ ಕೆಳಗೆ ನೋಡುತ್ತೇನೆ ಎಂದೂ ಹೇಳಿದ್ದಾರೆ.